ಹತ್ತು ಪೌಂಡಿನ ಪುಡಿ

ಗುನ್ಸಾನ್ ಬಂದರಿನಲ್ಲಿ ಮೂವತ್ತೊಂದು ವರ್ಷ
ಅಕ್ಕಿ ಮೂಟೆ, ಗೋಧಿ ಮೂಟೆ, ಆಮೇಲೆ ಸಿಮೆಂಟು.
ಹೆಗಲಿಗೆ ಗೊತ್ತಿದ್ದದ್ದು ಒಂದೇ ಲೆಕ್ಕ:
ಹೆಚ್ಚು ಹೊತ್ತವನು ಹೆಚ್ಚಿನವನು.
ಹಾಗೆಂದೇ ಬಿಲ್ಲು ಕೊಳ್ಳಲು ಹೋದಾಗ
ಇದ್ದುದರಲ್ಲೆಲ್ಲ ಬಿರುಸಾದದ್ದನ್ನು ಕೇಳಿದೆ.
ಐವತ್ತೆಂಟು ಪೌಂಡು.
ಮುದುಕ ಮೊಕ್ ದಲ್ಗು ನನ್ನ ತೋಳು ನೋಡಲಿಲ್ಲ.
ಹೆಬ್ಬೆರಳು ನೋಡಿದ,
ಏನೂ ಅನ್ನದೆ ದುಡ್ಡು ಎಣಿಸಿಕೊಂಡ.

ಹೆದೆ ಬಿಚ್ಚಿದರೆ ಅದು ಬಿಲ್ಲೇ ಅಲ್ಲ,
ಎದುರು ದಿಕ್ಕಿಗೆ ಸುರುಟಿಕೊಂಡ
ಕಾವಲಿಯ ಮೇಲಿನ ಸೀಗಡಿ.
ಹೊಟ್ಟೆಗೆ ಕೋಣದ ಕೊಂಬು, ಬೆನ್ನಿಗೆ ಎತ್ತಿನ ನರ.
ಒಂದು ಕುಗ್ಗಬೇಕು, ಒಂದು ಹಿಗ್ಗಬೇಕು,
ಎತ್ತು ಏರಿಗೆ, ಕೋಣ ನೀರಿಗೆ;
ನಡುವೆ ಸಿಕ್ಕಿಕೊಂಡ ಬಿದಿರು.
ಜಗಳ ಬಿಡಿಸದೆ ಹಾಗೇ ಹಿಡಿದಿಟ್ಟಿರುವುದು
ಮೀನಿನ ಗಾಳಿಚೀಲ ಕುದಿಸಿದ ಅಂಟು.
ಆ ಜಗಳವೇ ಬಾಣದ ಓಟ.

ನೂರನಲವತ್ತೈದು ಮೀಟರು ಆಚೆ ಹಲಗೆ.
ಮೊದಲ ಬಾಣ ಅದರ ಹಿಂದಿನ ದಿಬ್ಬಕ್ಕೆ,
ಎರಡನೆಯದು ಎಡಕ್ಕೆ,
ಮೂರನೆಯದನ್ನು ಹುಡುಕಲು ಹುಡುಗ
ಮುಳ್ಳುಕಂಟಿಗೆ ಇಳಿದ.
ತೋಳು ಸೋತಿರಲಿಲ್ಲ, ಆಣೆ.
ಕಿವಿಯ ಹಿಂದಕ್ಕೆ ಎಳೆದು ನಿಲ್ಲಬೇಕಾದ
ಆ ಒಂದು ಉಸಿರು ನಿಲ್ಲದೆ ಜಾರುತ್ತಿತ್ತು.
ಇಲ್ಲಿ ಬೆರಳಗಲ ಕಡಿಮೆ ಎಳೆದರೆ
ಅಲ್ಲಿ ಒಂದಾಳುದ್ದ ಕೆಳಗೆ.
ಒಂದು ಬಾಣವನ್ನೂ ನಾನು ಬಿಡಲಿಲ್ಲ,
ಬಿಲ್ಲೇ ನನ್ನ ಕೈಯಿಂದ ಕಿತ್ತುಕೊಂಡಿತು.

ಪಕ್ಕದಲ್ಲಿ ಕಪ್ಪೆಚಿಪ್ಪು ಮಾರುವ ಒಕ್ ಗಿಲ್ನ್ಯೊ.
ಮೂವತ್ತೆಂಟು ಪೌಂಡು, ಮಕ್ಕಳಾಟ ಅಂದುಕೊಂಡಿದ್ದೆ.
ಎಳೆದಳು. ನಿಂತಳು.
ಗಿರಾಕಿಯ ಚೌಕಾಸಿ ಮುಗಿಯಲಿ ಎಂದು
ತಕ್ಕಡಿ ಹಿಡಿದು ಕಾಯುವಂತೆ
ನಿಂತೇ ಇದ್ದಳು.
ಅವಳ ಬಾಣ ನಿಧಾನ, ಪೈನ್ ಮರದ ತುದಿಗಿಂತ ಮೇಲೆ ಹೋಗಿ
ನೋಡುವಷ್ಟು ಹೊತ್ತು ಆಕಾಶದಲ್ಲಿ ಸಿಗುತ್ತದೆ.
ಟಕ್.
ಐದಕ್ಕೆ ಐದು.

ಬಿಲ್ಲು ಸೊಟ್ಟ ಇದೆ ಎಂದು ಮುದುಕನ ಬಳಿ ಹೋದೆ.
ಕೆಂಡದ ಮೇಲೆ ಕಾಯಿಸಿದ, ಕಾಲಿನಿಂದ ಮೆಟ್ಟಿ ಬಾಗಿಸಿದ,
ಹಳೆಯ ಪೇಪರು ಹಾಸಿ
ಕೊಂಬನ್ನು ಅರದಿಂದ ಉಜ್ಜತೊಡಗಿದ.
ಮಧ್ಯಾಹ್ನವೆಲ್ಲ ಅದೇ ಸದ್ದು, ಎಮ್ಮೆ ಮೆಲುಕು ಹಾಕಿದಂತೆ.
ಹತ್ತು ಪೌಂಡು ಹೋಯಿತು ಅಂದ.
ಎಲ್ಲಿಗೆ?
ಪೇಪರು ತೋರಿಸಿದ.
ಹವಾಮಾನದ ಸುದ್ದಿಯ ಮೇಲೆ
ಗುಲಗಂಜಿ ತೂಕವೂ ಇಲ್ಲದ ಬೂದು ಪುಡಿ.
ನಾನು ಬಗ್ಗಿ ನೋಡುತ್ತಿದ್ದಂತೆ ಮುದುಕ ಸೀನಿದ.
ನನ್ನ ಹತ್ತು ಪೌಂಡು ಕೋಣೆಯ ತುಂಬ.

ಮರುದಿನ ಎಳೆದೆ.
ನಿಂತೆ. ನನ್ನ ಮೂಗಿನ ಉಸಿರು ನನಗೇ ಕೇಳಿಸಿತು.
ಐದೂ ಬಾಣ ಹಲಗೆಯ ಬಲಕ್ಕೆ, ಮಣ್ಣಿನಲ್ಲಿ,
ಊಟದ ತಟ್ಟೆಯಗಲದ ಜಾಗದಲ್ಲಿ
ಒಂದರ ಪಕ್ಕ ಒಂದು.

ಮಾತು ನಿಷಿದ್ಧ ಅಲ್ಲಿ, ಕಲ್ಲಲ್ಲೇ ಕೆತ್ತಿದ್ದಾರೆ.
ತನ್ನ ಐದನೆಯದು ಮುಗಿದ ಮೇಲೆ ಗಿಲ್ನ್ಯೊ ಅಂದಳು:
‘ಈಗ ಸರಿಯಾಗಿ ತಪ್ಪುತ್ತಿದ್ದೀಯ.’
ಬಾಣ ಬಿಲ್ಲಿನ ಹಿಡಿಯನ್ನು ಬಳಸಿ
ಮೀನಿನಂತೆ ಬಳುಕಿ ಹೋಗಬೇಕಂತೆ.
ಹಳೆಯ ಬಿರುಸಿಗೆ ಬಳುಕುತ್ತಿದ್ದ ನನ್ನ ಬಿದಿರು
ಈ ಮೆದುವಿಗೆ ಬಗ್ಗುವುದಿಲ್ಲ,
ಸೆಟೆದುಕೊಂಡು ಬಲಕ್ಕೆ ಹೋಗುತ್ತದೆ.
ನನಗೆ ಆ ಬಾಣಗಳ ಪರಿಚಯವಿತ್ತು.

ಸಣ್ಣ ಬಾಣ ಬರಲು ಮೂರು ವಾರ.
ಅಲ್ಲಿಯವರೆಗೆ ಹಲಗೆಯ ಎಡಗಡೆಯ ಖಾಲಿ ಜಾಗ ನೋಡಿ ನಿಲ್ಲುತ್ತೇನೆ.
ಮೊದಲ ಬಾಣಕ್ಕೆ ಮುಂಚೆ ಎಲ್ಲರೂ ಅನ್ನುವ ವಾಡಿಕೆಯ ಮಾತು,
ನಾನೂ ಎರಡು ವರ್ಷ ಬಾಯಿಪಾಠ ಒಪ್ಪಿಸಿದ್ದು:
‘ಬಿಲ್ಲು ಕಲಿಯುತ್ತೇನೆ.’
ಸಾಲಿನವರು ನನ್ನ ಕಡೆ ನೋಡದೆಯೇ
‘ಹೆಚ್ಚು ತಾಗಲಿ.’